ಟೆಸ್ಟ್ ಫೋಲ್ಡರಿಗೂ ಸೋರ್ಸ್ ಬೇಕು: ಡೆಬಿಯನ್ ಪ್ಯಾಕೇಜ್ ಮಾಡುವ ಮುನ್ನ

ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ತಂತ್ರಾಂಶವೊಂದನ್ನು ಪ್ಯಾಕೇಜ್ ಮಾಡಲು (ಅನುಸ್ಥಾಪಿಸಲು ಸಿದ್ಧವಾದ ಕಟ್ಟಾಗಿಸಲು) ಕುಳಿತವರು ಮುಖ್ಯ ಕೋಡನ್ನೆಲ್ಲ ಜಾಲಾಡಿ, ‘ಟೆಸ್ಟ್’ ಫೋಲ್ಡರನ್ನು ಮಾತ್ರ ತೆರೆಯದೆ ಬಿಡುವುದುಂಟು. ಅದು ಬಳಕೆದಾರರ ಕಂಪ್ಯೂಟರಿಗೆ ಹೋಗುವುದೇ ಇಲ್ಲವಲ್ಲ ಎಂಬುದು ವಾದ. ಈ ವಾದ ನಿಲ್ಲುವುದಿಲ್ಲ. ಡೆಬಿಯನ್ ಸಿದ್ಧ ಪ್ಯಾಕೇಜಿನ ಜೊತೆಗೆ ಸೋರ್ಸ್ ಟಾರ್‌ಬಾಲನ್ನೂ, ಅಂದರೆ ಮೂಲ ಕಡತಗಳನ್ನೆಲ್ಲ ಒಟ್ಟುಗೂಡಿಸಿದ ಕಟ್ಟನ್ನೂ, ಹಂಚುತ್ತದೆ. ಪ್ರೋಗ್ರಾಂ ಎಂದರೆ ಸೋರ್ಸ್ ಕೋಡ್ ಇರಲೇಬೇಕೆಂಬ, 1997ರ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿ (ಡಿಎಫ್‌ಎಸ್‌ಜಿ) ಅದರೊಳಗಿನ ಎಲ್ಲದಕ್ಕೂ ಅನ್ವಯಿಸುತ್ತದೆ.

ಮೊದಲು ಟಾರ್‌ಬಾಲ್ ಬಿಚ್ಚಿ ಜಾರ್ ಕಡತ (ಕಂಪೈಲ್ ಆದ ಜಾವಾ ಕೋಡ್), ಡಿಎಲ್‌ಎಲ್ (ವಿಂಡೋಸ್‌ನ ಕಂಪೈಲ್ ಆದ ಲೈಬ್ರರಿ), ಮಿನಿಫೈ ಮಾಡಿದ, ಅಂದರೆ ಗಾತ್ರ ಕುಗ್ಗಿಸಿದ, ಜಾವಾಸ್ಕ್ರಿಪ್ಟ್ ಇವೆಯೇ ಹುಡುಕಿ. ಜಾವಾಸ್ಕ್ರಿಪ್ಟ್ ಲೈಬ್ರರಿ ಜೆಕ್ವೆರಿಯ ಮಿನಿಫೈ ಆದ ಕಡತವನ್ನು ತೆರೆದರೆ ಇಡೀ ಲೈಬ್ರರಿ ಒಂದೆರಡು ಸಾಲಿನಲ್ಲಿ ತುರುಕಿಕೊಂಡಿರುತ್ತದೆ, ಚರಾಕ್ಷರಗಳ ಹೆಸರೆಲ್ಲ ಒಂದೊಂದೇ ಅಕ್ಷರ. ತಿದ್ದಲು ಬಾರದ್ದು ಸೋರ್ಸ್ ಅಲ್ಲ. ಪ್ಯಾಕೇಜಿನ ತಪ್ಪು ಹುಡುಕುವ ಸಾಧನ ಲಿಂಟಿಯನ್ ಓಡಿಸಿದರೆ ಇಂಥ ಹಲವನ್ನು ಅದೇ ತೋರಿಸಿಕೊಡುತ್ತದೆ.

ಸಿಕ್ಕ ಲೈಬ್ರರಿ ಡೆಬಿಯನ್‌ನಲ್ಲಿ ಆಗಲೇ ಇದ್ದರೆ ಕೆಲಸ ಸುಲಭ. ಅದನ್ನು ಬಿಲ್ಡ್ ಅವಲಂಬನೆಗಳ ಪಟ್ಟಿಗೆ (ಪ್ಯಾಕೇಜ್ ಕಟ್ಟಲು ಬೇಕಾದವುಗಳ ಪಟ್ಟಿಗೆ) ‘ನೋಚೆಕ್’ ಗುರುತಿನೊಂದಿಗೆ, ಅಂದರೆ ಪರೀಕ್ಷೆ ಬಿಟ್ಟು ಕಟ್ಟುವಾಗ ಇದು ಬೇಡ ಎಂಬ ಗುರುತಿನೊಂದಿಗೆ, ಸೇರಿಸಿ, ಪರೀಕ್ಷೆಗಳು ಅದನ್ನೇ ಬಳಸುವಂತೆ ಪ್ಯಾಚ್ ಮಾಡಿ. ಬಿಲ್ಡ್ ಆಗುವಾಗ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವಂತಿಲ್ಲ.

ಆ ಲೈಬ್ರರಿ ಡೆಬಿಯನ್‌ನಲ್ಲಿ ಇಲ್ಲದಿದ್ದರೆ ಎರಡು ದಾರಿ. ಅದೇ ಆವೃತ್ತಿಯ ಮೂಲ ಕಡತವನ್ನು ಹುಡುಕಿ ‘ಮಿಸ್ಸಿಂಗ್ ಸೋರ್ಸಸ್’ ಫೋಲ್ಡರಿನಲ್ಲಿಡಬಹುದು. ಅಥವಾ ಕಾಪಿರೈಟ್ ಕಡತದ ‘ಫೈಲ್ಸ್ ಎಕ್ಸ್‌ಕ್ಲೂಡೆಡ್’ ಸಾಲಿನಲ್ಲಿ ಅದನ್ನು ಬರೆದರೆ ಮೂಲ ಟಾರ್‌ಬಾಲ್ ಇಳಿಸಿಕೊಳ್ಳುವ ಸಾಧನ ಯುಸ್ಕ್ಯಾನ್ ಅದನ್ನು ಹೊರಗಿಟ್ಟು ಟಾರ್‌ಬಾಲನ್ನು ಮತ್ತೆ ಕಟ್ಟುತ್ತದೆ. ಆವೃತ್ತಿ ಸಂಖ್ಯೆಗೆ ‘ಡಿಎಫ್‌ಎಸ್‌ಜಿ’ ಬಾಲ ಸೇರಿಸುವುದು ರೂಢಿ. ಬಿಲ್ಡ್ ಹೊತ್ತಿನಲ್ಲಿ ಅಳಿಸಿದರೆ ಸಾಲದು, ಟಾರ್‌ಬಾಲಿನೊಳಗೆ ಅದು ಕುಳಿತೇ ಇರುತ್ತದೆ.

ಕಡತ ಹೋದ ಮೇಲೆ ಕೆಲವು ಪರೀಕ್ಷೆಗಳು ಮುರಿಯುತ್ತವೆ. ಆ ಕೆಲವನ್ನಷ್ಟೇ ಬಿಟ್ಟುಬಿಡಿ. ಇಡೀ ಪರೀಕ್ಷಾ ಹಂತವನ್ನೇ ಮುಚ್ಚಿಹಾಕುವುದು ಶುದ್ಧ ಸೋಮಾರಿತನ.

ಪರೀಕ್ಷೆಗೆಂದು ಇಟ್ಟ ಬೈನರಿ ದತ್ತಾಂಶದ ಮಾತು ಬೇರೆ, ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲಿಯೇ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಎಕ್ಸ್‌ಝೆಡ್ ಎಂಬ ಸಂಕುಚನ ತಂತ್ರಾಂಶದ ಹಿಂಬಾಗಿಲು (ಕದ್ದು ಒಳನುಗ್ಗಲು ಅಡಗಿಸಿಟ್ಟ ಕೋಡ್), 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಅಡಗಿದ್ದುದು ಪರೀಕ್ಷೆಗೆ ಬೇಕೆಂದು ಸೇರಿಸಿದ್ದ ‘ಕೆಟ್ಟ’ ಸಂಕುಚಿತ ಕಡತದಂಥವುಗಳಲ್ಲೇ. ಕೆಟ್ಟ ಕಡತ ಓದಲು ಬಾರದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ! ಅಂಥದ್ದನ್ನು ಹೇಗೆ ತಯಾರಿಸಿದಿರಿ, ಅದರ ಸ್ಕ್ರಿಪ್ಟ್ ಎಲ್ಲಿದೆ ಎಂದು ಮೂಲ ಲೇಖಕರನ್ನು ಕೇಳಿ. ಸ್ಕ್ರಿಪ್ಟ್ ಸಿಕ್ಕರೆ ಬಿಲ್ಡ್ ಆಗುವಾಗಲೇ ಕಡತವನ್ನು ಹೊಸದಾಗಿ ತಯಾರಿಸಿಕೊಳ್ಳಿ.

ಉಳಿಸಿಕೊಂಡ ಪ್ರತಿ ಕಡತದ ಪರವಾನಗಿಯನ್ನೂ ಕಾಪಿರೈಟ್ ಕಡತದಲ್ಲಿ ನಮೂದಿಸಿ. ಹೊಸ ಪ್ಯಾಕೇಜುಗಳನ್ನು ಪರಿಶೀಲಿಸುವ ಡೆಬಿಯನ್ ತಂಡ ಟೆಸ್ಟ್ ಫೋಲ್ಡರನ್ನೂ ತೆರೆದು ನೋಡುತ್ತದೆ.