ಪೇವರ್ ಕೆಳಗಿನ ನೆಲ: ಎರಡನೇ ಸಲ ನಾನು ಮಾಡಿದ್ದು ಹೀಗೆ

ಮನೆಯ ಹಿಂದಿನ ಜಾಗಕ್ಕೆ ನಾನು ಎರಡು ಸಲ ಪೇವರ್, ಅಂದರೆ ನೆಲಕ್ಕೆ ಹಾಸುವ ಕಲ್ಲು, ಹಾಸಿದ್ದೇನೆ. ಜಾಗ ಅದೇ, ಕಲ್ಲೂ ಅವೇ. ಮೊದಲ ಸಲದ ಕೆಲಸ ಒಂದು ಮಳೆಗಾಲವನ್ನೂ ನೆಟ್ಟಗೆ ದಾಟಲಿಲ್ಲ. ಗೋಡೆ ಪಕ್ಕದಲ್ಲಿ ಉದ್ದಕ್ಕೂ ಒಂದು ಪಟ್ಟಿ ಕುಸಿಯಿತು. ಹೊರಗೆ ಹರಿಯಬೇಕಿದ್ದ ನೀರು ಗೋಡೆಯ ಬುಡಕ್ಕೇ ಬಂದು ನಿಂತಿತು. ಅದನ್ನು ನೋಡಿದ ದಿನ ನನಗೆ ತುಂಬಾ ಬೇಜಾರಾಯಿತು.

ಕಲ್ಲು ಕಿತ್ತು ಕೆಳಗೆ ಏನಾಗಿದೆ ಅಂತ ನೋಡಿದೆ. ಮರಳು ಒಂದು ಕಡೆ 20 ಮಿ.ಮೀ. ದಪ್ಪ ಇತ್ತು, ಇನ್ನೊಂದು ಕಡೆ 70 ಮಿ.ಮೀ. ಮೊದಲ ಸಲ ನಾನು ಹುಲ್ಲು ಕೆತ್ತಿ, ಮೇಲಿಂದ ದಮ್ಮಸು ಹೊಡೆದು, ತಗ್ಗು ಕಂಡಲ್ಲೆಲ್ಲ ಮರಳು ಸುರಿದು ಮಟ್ಟ ಮಾಡಿದ್ದೆ. ಮರಳು ದಪ್ಪ ಇದ್ದಷ್ಟೂ ಜಾಸ್ತಿ ಕುಗ್ಗುತ್ತದೆ. ಕಲ್ಲು ಅದರ ಜೊತೆಗೇ ಇಳಿಯುತ್ತದೆ. ಗೋಡೆ ಪಕ್ಕದ ಪಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಹಿಂದೆ ಯಾವಾಗಲೋ ಪೈಪಿಗಾಗಿ ಕಾಲುವೆ ತೋಡಿ, ಮಣ್ಣನ್ನು ಸುಮ್ನೆ ಮೇಲಿಂದ ಎಳೆದು ಮುಚ್ಚಿದ್ದರು. ಒಳಗೆ ಇನ್ನೂ ಸಡಿಲವೇ ಇತ್ತು.

ಹಾಗಾಗಿ ಎರಡನೇ ಸಲ ಒಂದು ನಿಯಮ ಹಾಕಿಕೊಂಡೆ. ಮಟ್ಟವೂ ವಾಟವೂ (ನೀರು ಹರಿಯಲು ಕೊಡುವ ಇಳಿಜಾರು) ಜಲ್ಲಿಯಲ್ಲೇ ಮುಗಿಯಬೇಕು, ಮರಳಿಗೆ ತಿದ್ದುವ ಕೆಲಸ ಕೊಡಬಾರದು.

ಜಾಗ 5 ಮೀಟರ್ ಉದ್ದ, 3.6 ಮೀಟರ್ ಅಗಲ. ಮೊದಲು ಗೂಟ ಹೊಡೆದು ದಾರ ಕಟ್ಟಿದೆ. ಮೂಲೆಗೆ 3-4-5 ಲೆಕ್ಕ ಸಾಕು: ಒಂದು ಬದಿಗೆ 3, ಇನ್ನೊಂದು ಬದಿಗೆ 4 ಅಳೆದರೆ ಕರ್ಣ 5 ಬರಬೇಕು. ಆಮೇಲೆ ಎರಡೂ ಕರ್ಣಗಳನ್ನು ಅಳೆದು ಸಮ ಇದೆಯಾ ಅಂತ ನೋಡಿದೆ. ಮಟ್ಟಕ್ಕೆ ಟ್ಯೂಬ್ ಲೆವೆಲ್ ಬಳಸಿದೆ. ಇಷ್ಟು ಉದ್ದಕ್ಕೆ ಸಣ್ಣ ರಸಮಟ್ಟಕ್ಕಿಂತ ನೀರು ತುಂಬಿದ ಟ್ಯೂಬೇ ನಂಬಿಕಸ್ಥ. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ.

ವಾಟ ಗೋಡೆಯಿಂದ ಹೊರಕ್ಕೆ, 60ಕ್ಕೆ 1ರಂತೆ ಕೊಟ್ಟೆ. ಅಂದರೆ 3.6 ಮೀಟರಿಗೆ 60 ಮಿ.ಮೀ. ಇಳಿತ. ಕಣ್ಣಿಗೆ ಹೆಚ್ಚೇನೂ ಕಾಣಲ್ಲ, ಕುರ್ಚಿ ಹಾಕಿದರೂ ಓರೆ ಅನ್ನಿಸಲ್ಲ, ನೀರು ಮಾತ್ರ ಚೆನ್ನಾಗಿ ಹೋಗುತ್ತದೆ. ಗೋಡೆ ಪಕ್ಕದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗೋಡೆಗೆ ತೇವ ಏರದಂತೆ ಬುಡದಲ್ಲಿ ಒಂದು ಪದರ ಕೊಟ್ಟಿರುತ್ತಾರಲ್ಲ, ಪೇವರ್‌ನ ಮೇಲ್ಮೈ ಅದಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಇಲ್ಲದಿದ್ದರೆ ಆ ಪದರ ಇದ್ದೂ ಇಲ್ಲದಂತೆ.

ದಾರ ಅಂದರೆ ನನಗೆ ಆಗಷ್ಟೇ ಹಾಸಿದ ಪೇವರ್‌ನ ಮೇಲ್ಮೈ. ಆಮೇಲೆ ದಮ್ಮಸು ಯಂತ್ರ ಓಡಿಸಿದಾಗ ಕಲ್ಲು 5 ಮಿ.ಮೀ.ನಷ್ಟು ಕೆಳಗೆ ಕೂರುತ್ತದೆ, ಹಾಗಾಗಿ ದಾರವನ್ನು ಮುಗಿದ ಮಟ್ಟಕ್ಕಿಂತ ಅಷ್ಟೇ ಮೇಲೆ ಕಟ್ಟಿದ್ದೆ. ಆಳದ ಲೆಕ್ಕವೆಲ್ಲ ಅಲ್ಲಿಂದ ಕೆಳಕ್ಕೆ: ಕಲ್ಲು 60 ಮಿ.ಮೀ., ಮರಳು 25, ಜಲ್ಲಿ 150. ಒಟ್ಟು 235. ಒಂದು ಕೋಲಿಗೆ 235, 160, 85ರಲ್ಲಿ ಮೂರು ಗೆರೆ ಕೊರೆದೆ. ಮೊದಲನೆಯದು ಗುಂಡಿಯ ತಳ, ಎರಡನೆಯದು ಜಲ್ಲಿಯ ಮೊದಲ ಪದರ, ಮೂರನೆಯದು ಜಲ್ಲಿಯ ಕೊನೆ ಮಟ್ಟ. ಇಡೀ ಕೆಲಸದಲ್ಲಿ ಟೇಪಿಗಿಂತ ಈ ಕೋಲೇ ಜಾಸ್ತಿ ಕೈಯಲ್ಲಿತ್ತು.

ನನ್ನದು ನಡೆದಾಡುವ, ಕೂರುವ ಜಾಗ. ಕಾರು ನಿಲ್ಲುವುದಾದರೆ 80 ಮಿ.ಮೀ. ಕಲ್ಲು ಬೇಕು, ಜಲ್ಲಿಯೂ 200ರಿಂದ 300 ಮಿ.ಮೀ. ಬೇಕು.

ಅಗೆಯುವಾಗ ಗೋಡೆ ಬಿಟ್ಟು ಉಳಿದ ಮೂರು ಬದಿಯಲ್ಲೂ 150 ಮಿ.ಮೀ. ಹೆಚ್ಚಿಗೆ ಅಗೆದೆ. ಅಂಚಿನ ಕಲ್ಲಿನ ಭಾರ ನೇರ ಕೆಳಕ್ಕೆ ಮಾತ್ರ ಹೋಗಲ್ಲ, ಹೊರಗೂ ಹರಡುತ್ತದೆ. ಅಲ್ಲಿ ಜಲ್ಲಿ ಇಲ್ಲದಿದ್ದರೆ ಅಂಚು ಮೊದಲು ವಾಲುತ್ತದೆ. ತೆಗೆದ ಮಣ್ಣಿನ ಲೆಕ್ಕವನ್ನೂ ಮೊದಲೇ ಹಾಕಿಡಿ. ನೆಲದಲ್ಲಿ ನಾಲ್ಕು ಮುಕ್ಕಾಲು ಘನ ಮೀಟರ್ ಇದ್ದದ್ದು ಹೊರಗೆ ಬಂದಾಗ ಸಡಿಲಾಗಿ ಆರರ ಹತ್ತಿರ ಆಯಿತು. ಅಷ್ಟು ದೊಡ್ಡ ಗುಡ್ಡೆಗೆ ಜಾಗ ಬೇಕಲ್ಲ!

ಮೇಲಿನ ಕಪ್ಪು, ಬೇರು ತುಂಬಿದ ಮಣ್ಣನ್ನು ಒಂದು ಹಿಡಿಯೂ ಬಿಡಬೇಡಿ. ಬೇರು ಕೊಳೆತು ಹೋದ ಜಾಗ ಟೊಳ್ಳಾಗುತ್ತದೆ, ಮೇಲಿನದ್ದು ಅದರೊಳಗೆ ಇಳಿಯುತ್ತದೆ. ಗುಂಡಿಯ ತಳಕ್ಕೂ ಮೇಲಿನಷ್ಟೇ ವಾಟ ಇರಬೇಕು. ಸಂದುಗಳಿಂದ ಒಳಗಿಳಿದ ನೀರು ತಳದಲ್ಲಿ ನಿಂತರೆ ಕೆಳಗಿನ ಮಣ್ಣು ಮೆತ್ತಗಾಗುತ್ತದೆ.

ಹಳೇ ಪೈಪಿನ ಕಾಲುವೆಗೆ ಒಂದು ದಿನ ಪೂರ್ತಿ ಹೋಯಿತು. ಸಡಿಲ ಮಣ್ಣನ್ನೆಲ್ಲ ಕೈಯಲ್ಲೇ ತೆಗೆದೆ, ಪೈಪ್ ಹತ್ತಿರ ಪಿಕಾಸಿ ಮುಟ್ಟಿಸಲೇ ಇಲ್ಲ. ಗಟ್ಟಿ ನೆಲ ಸಿಕ್ಕಿದ ಮೇಲೆ ಸ್ವಲ್ಪ ಸ್ವಲ್ಪವೇ ತುಂಬಿಸಿ ಕೈ ದಮ್ಮಸಿನಿಂದ ಹೊಡೆಯುತ್ತಾ ಬಂದೆ, ಒಂದು ಸಲಕ್ಕೆ 75 ಮಿ.ಮೀ.ಗಿಂತ ಜಾಸ್ತಿ ಹಾಕಲಿಲ್ಲ. ಮನೆಯ ಗೋಡೆ ಪಕ್ಕದ ಮಣ್ಣು ಪಾಯ ತೋಡಿದಾಗ ತೆಗೆದು ಮತ್ತೆ ತುಂಬಿದ್ದು. ಹಾಗಾಗಿ ಅಲ್ಲಿ ಪೈಪ್ ಇರಲಿ ಬಿಡಲಿ, ಹಿಮ್ಮಡಿ ಊರಿ ತಿರುಗಿಸಿ ನೋಡಿ. ಹಿಮ್ಮಡಿ ಒಳಗೆ ಹೋದರೆ ಆ ಜಾಗ ಇನ್ನೂ ತಯಾರಾಗಿಲ್ಲ.

ಅಗೆದ ಮಾರನೇ ದಿನ ಮಳೆ ಬಂತು. ಗುಂಡಿಯಲ್ಲಿ ನೀರು ನಿಂತಿತು. ನೀರು ಎತ್ತಿ ಹಾಕಿ, ಮೇಲಿನ ಕೆಸರು ಕೆರೆದು, ಮೂರು ದಿನ ಕಾದೆ. ಜೇಡಿಮಣ್ಣು ಒದ್ದೆ ಇರುವಾಗ ಯಂತ್ರ ಓಡಿಸಿದರೆ ಅದು ಗಟ್ಟಿಯಾಗಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ, ನಡೆದರೆ ಹಾಸಿಗೆಯ ಮೇಲೆ ಕಾಲಿಟ್ಟಂತೆ ತುಳುಕುತ್ತದೆ. ಪೂರಾ ಒಣಗಿದ ಮಣ್ಣೂ ಕೂರಲ್ಲ, ಪುಡಿಯಾಗಿ ಚದುರುತ್ತದೆ. ಹದ ನೋಡಲು ಮುಷ್ಟಿ ಸಾಕು. ಹಿಡಿದು ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ನಾಲ್ಕಾರು ತುಂಡಾಗಿ ಒಡೆಯಬೇಕು, ಕೈಗೆ ನೀರು ಅಂಟಬಾರದು. ಆ ಹದ ಬರುವವರೆಗೆ ಕಾದದ್ದೇ ಇಡೀ ಕೆಲಸದಲ್ಲಿ ನನಗೆ ಕಷ್ಟವಾದದ್ದು. ಅಗೆದ ಗುಂಡಿ ಕಣ್ಣ ಮುಂದಿದ್ದಾಗ ಕೈ ಕಟ್ಟಿ ಕೂರೋಕಾಗಲ್ಲ, ಅಲ್ವಾ?

ಹದ ಬಂದ ಮೇಲೆ ಬಾಡಿಗೆಗೆ ಒಂದು ಪ್ಲೇಟ್ ಕಾಂಪ್ಯಾಕ್ಟರ್ (ಅದುರುತ್ತಾ ನೆಲ ಗಟ್ಟಿ ಮಾಡುವ ದಮ್ಮಸು ಯಂತ್ರ) ತಂದೆ, ಸುಮಾರು 90 ಕೆ.ಜಿ. ತೂಕದ್ದು. ಅಂಚಿನಿಂದ ಶುರು ಮಾಡಿ ಒಳಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಸ್ವಲ್ಪ ಬರುವಂತೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ನೆಲ ಗಟ್ಟಿಯಾಗುತ್ತಾ ಬಂದಂತೆ ಯಂತ್ರದ ಸದ್ದು ಬದಲಾಗುತ್ತದೆ. ಮೊದಲು ಮಂದವಾಗಿ ಗುದ್ದಿದಂತೆ ಕೇಳುವುದು ಆಮೇಲೆ ಗಡುಸಾಗಿ ಕೇಳುತ್ತದೆ, ಪ್ಲೇಟ್ ಪುಟಿಯತೊಡಗುತ್ತದೆ. ಆ ಸದ್ದಿಗೆ ಕಿವಿ ಕೊಡಿ. ಒಂದು ಕಡೆ ಮಾತ್ರ ಸದ್ದು ಮಂದವಾಗಿಯೇ ಉಳಿದರೆ ಅಲ್ಲಿ ಮತ್ತೆ ಅಗೆಯಬೇಕು. ನನಗೆ ಅಂಥ ಒಂದು ಜಾಗ ಸಿಕ್ಕಿತು. ಅಗೆದರೆ ಒಳಗೆ ಕೊಳೆತ ಬೇರಿನ ಬುಡ.

ಜೇಡಿ ನೆಲವಾದ್ದರಿಂದ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆ. ಜೋಡಣೆಯಲ್ಲಿ ಒಂದರ ಮೇಲೊಂದು 300 ಮಿ.ಮೀ. ಬಿಟ್ಟು, ಗುಂಡಿಯ ಬದಿಗೂ ಏರಿಸಿದೆ. ಬಟ್ಟೆ ಇಲ್ಲದಿದ್ದರೆ ಒದ್ದೆ ಜೇಡಿ ಮೇಲೆ ಬರುತ್ತದೆ, ಜಲ್ಲಿ ಕೆಳಗೆ ಹೋಗುತ್ತದೆ, ಕೆಲ ವರ್ಷದಲ್ಲಿ ಎರಡೂ ಬೆರೆತು ಬುನಾದಿಯ ದಪ್ಪವೇ ಕಡಿಮೆಯಾಗುತ್ತದೆ.

ಜಲ್ಲಿ ಆರಿಸುವಾಗ ತುಂಬಾ ಜನ ತಪ್ಪುತ್ತಾರೆ. ಒಂದೇ ಗಾತ್ರದ ನೋಡೋಕೆ ಚಂದದ ಕಲ್ಲು ಇದಕ್ಕೆ ಬೇಡ. ಹೊಳೆಯ ನುಣುಪು ಗುಂಡುಕಲ್ಲಂತೂ ಬೇಡವೇ ಬೇಡ, ಗೋಲಿಗಳಂತೆ ಜಾರುತ್ತದೆ. ಒಡೆದ, ಮೂಲೆ ಮೂಲೆಯ ಕಲ್ಲು ಬೇಕು, 20 ಮಿ.ಮೀ.ನಿಂದ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತಿರಬೇಕು. ದೊಡ್ಡದರ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಪುಡಿ ಸೇರಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನನಗೆ ಗಟ್ಟಿಯಾದ ಲೆಕ್ಕದಲ್ಲಿ 3 ಘನ ಮೀಟರ್ ಬೇಕಿತ್ತು. ದಮ್ಮಸಿಗೆ ಕುಗ್ಗುತ್ತದೆ ಅಂತ 3.6 ತರಿಸಿದೆ, ಸರಿಹೋಯಿತು.

150 ಮಿ.ಮೀ. ಜಲ್ಲಿಯನ್ನು ಒಂದೇ ಸಲ ಸುರಿದು ಯಂತ್ರ ಓಡಿಸಬೇಡಿ. ಮೇಲಿನ ಪದರ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಸಡಿಲ ಉಳಿಯುತ್ತದೆ. ನಾನು 90 ಮಿ.ಮೀ. ಸುರಿದು, ಕುಂಟೆಯಲ್ಲಿ ಎಳೆದು, ಮೇಲೆ ನೀರು ಚಿಮುಕಿಸಿ, ನಾಲ್ಕೈದು ಸಲ ಯಂತ್ರ ಓಡಿಸಿದೆ. ಅದು ಸುಮಾರು 75ಕ್ಕೆ ಕೂತಿತು. ಆಮೇಲೆ ಎರಡನೇ ಪದರ, ಅದೇ ರೀತಿ. ಮೂಲೆಗಳಿಗೂ ಗೋಡೆ ಪಕ್ಕಕ್ಕೂ ಯಂತ್ರ ಪೂರಾ ತಲುಪಲ್ಲ, ಅಲ್ಲಿ ಕೈ ದಮ್ಮಸೇ ಗತಿ.

ಕೊನೆ ಮಟ್ಟಕ್ಕೆ 3 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ಲ ದಿಕ್ಕಿಗೂ ಇಟ್ಟು, ಅಡಿಯಲ್ಲಿ ಬೆಳಕು ಎಲ್ಲಿ ಕಾಣುತ್ತದೆ ಅಂತ ಬಗ್ಗಿ ನೋಡಿದೆ. 10 ಮಿ.ಮೀ.ವರೆಗಿನ ವ್ಯತ್ಯಾಸ ನಡೆಯುತ್ತದೆ ಅನ್ನುತ್ತಾರೆ. ನಾನು 5ಕ್ಕೆ ತರುವವರೆಗೆ ಬಿಡಲಿಲ್ಲ. ಉಬ್ಬಿದ್ದನ್ನು ಕೆರೆದೆ. ತಗ್ಗಿಗೆ ಮರಳು ಹಾಕದೆ ಸಣ್ಣ ಜಲ್ಲಿ, ಪುಡಿ ಹಾಕಿ ಮತ್ತೆ ಯಂತ್ರ ಓಡಿಸಿದೆ. ಮುಗಿದಾಗ ಆ ಜಲ್ಲಿ ನೆಲ ಹಾಗೇ ಬಳಸಬಹುದು ಅನ್ನಿಸುವಷ್ಟು ಬಿಗಿಯಾಗಿತ್ತು. ಮೂರು ಬದಿಗೂ ಜಲ್ಲಿಯ ಮೇಲೆಯೇ ಕಾಂಕ್ರೀಟಿನ ಅಂಚು ಕಟ್ಟಿದೆ.

ಮರಳಿನ ಕೆಲಸ ಬೇಗ ಮುಗಿಯಿತು. ತೊಳೆದ ದಪ್ಪ ಮರಳು ತಂದಿದ್ದೆ. ಕಲ್ಲುಪುಡಿ ಹಾಕಬಹುದು ಅಂತ ಕೆಲವರು ಹೇಳಿದ್ದರು, ಹಾಕಲಿಲ್ಲ. ಅದರ ನಯವಾದ ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ. 25 ಮಿ.ಮೀ. ದಪ್ಪದ ಎರಡು ಪೈಪನ್ನು ಜಲ್ಲಿಯ ಮೇಲಿಟ್ಟು, ಮರಳು ಸುರಿದು, ಪಟ್ಟಿಯನ್ನು ಪೈಪಿನ ಮೇಲೆ ಎಳೆದೆ. ಪೈಪ್ ತೆಗೆದು ಆ ಗೀರಿಗೆ ಮರಳು ತುಂಬಿದೆ. ಎಳೆದ ಮರಳಿಗೆ ಯಂತ್ರ ಹಚ್ಚಬಾರದು, ತುಳಿಯಲೂಬಾರದು. ಕಲ್ಲು ಹಾಸಿದ ಮೇಲೆ ಯಂತ್ರ ಓಡಿಸಿದಾಗ ಅದು ಕೆಳಗಿನಿಂದ ಸಂದಿಗೆ ಏರಿ ಕಲ್ಲನ್ನು ಹಿಡಿಯಬೇಕು, ಅದಕ್ಕೆ ಸಡಿಲವೇ ಇರಬೇಕು. ಒಂದು ದಿನದಲ್ಲಿ ಹಾಸುವಷ್ಟು ಜಾಗಕ್ಕೆ ಮಾತ್ರ ಮರಳು ಎಳೆದೆ.

ಕಾದ ದಿನಗಳನ್ನು ಬಿಟ್ಟು ನೆಲ ತಯಾರಿಗೆ ಆರು ದಿನ ಹಿಡಿಯಿತು. ಕಲ್ಲು ಹಾಸಲು ಎರಡು ದಿನ. ಅದಾದ ಮೇಲೆ ಮೊದಲ ಜೋರು ಮಳೆ ಬಂದಾಗ ಬಾಗಿಲಲ್ಲಿ ನಿಂತು ನೋಡಿದೆ. ನೀರು ಗೋಡೆ ಬಿಟ್ಟು ಹೊರಗಿನ ಅಂಚಿಗೆ ಒಂದೇ ಸಮನೆ ಹರಿಯುತ್ತಿತ್ತು.