ಚೀಲ ತುಂಬ ಆತ್ಮಗಳು: ನಾನು ವಾರ್ಲಾಕ್ ಆಡಿದ್ದು ಹೀಗೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಹಳೆಯ ರೂಪವಾದ ಕ್ಲಾಸಿಕ್‌ನ ಸರ್ವರ್‌ಗಳು ತೆರೆದಾಗ ನಮ್ಮಲ್ಲಿ 2019ರ ಆಗಸ್ಟ್ 27, ಬೆಳಗಿನ ಜಾವ ಮೂರೂವರೆ. ನಾನು ಬೆಂಗಳೂರಿನ ಬಾಡಿಗೆ ರೂಮಿನಿಂದ ಯುರೋಪಿನ ಸರ್ವರ್ ಸೇರಿದೆ. ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ, 180 ಮಿಲಿಸೆಕೆಂಡಿನ ಆಸುಪಾಸು. ಶಾಪ ಹಾಕಿ, ಭೂತ ಸಾಕುವ ಮಾಂತ್ರಿಕನಾದ ವಾರ್ಲಾಕ್‌ನನ್ನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ಶಾಪ ಒಮ್ಮೆ ತಗುಲಿದರೆ ಸಾಕು, ನೆಟ್ ನಿಧಾನವಿದ್ದರೂ ಅದರ ಪಾಡಿಗೆ ಅದು ಸುಡುತ್ತಿರುತ್ತದೆ.

ಮನುಷ್ಯ ಜಾತಿಯ ವಾರ್ಲಾಕ್‌ಗೆ ಸ್ಟಾರ್ಮ್‌ವಿಂಡ್ ನಗರದಲ್ಲಿ ಗುರುಗಳಿರುವುದು ಸ್ಲಾಟರ್ಡ್ ಲ್ಯಾಂಬ್ ಎಂಬ ಹೆಂಡದಂಗಡಿಯ ನೆಲಮಾಳಿಗೆಯಲ್ಲಿ. ಉಳಿದ ವಿದ್ಯೆಯವರು ಬೆಳಕಲ್ಲಿ ಕಲಿಯುತ್ತಾರೆ, ನಾವು ಮೆಟ್ಟಿಲಿಳಿದು ಹೋಗಬೇಕು. ಆ ಇಳಿಯುವಿಕೆ ನನಗೆ ಮೊದಲ ದಿನದಿಂದಲೇ ಹಿಡಿಸಿತ್ತು. ಹತ್ತನೇ ಲೆವೆಲ್‌ನಲ್ಲಿ ವಾಯ್ಡ್‌ವಾಕರ್ ಎಂಬ ನೀಲಿ ಭೂತ ಕೈಗೆ ಬಂದ ಮೇಲೆ ಆಟಕ್ಕೊಂದು ಲಯ ಸಿಕ್ಕಿತು. ಭೂತವನ್ನು ಮುಂದೆ ಬಿಟ್ಟು, ಶತ್ರು ಅದರ ಮೇಲೆ ಬೀಳುವವರೆಗೆ ಕಾಯುತ್ತಿದ್ದೆ. ಆಮೇಲೆ ಕರ್ಸ್ ಆಫ್ ಅಗೊನಿ ಎಂಬ ಶಾಪ, ಅದರ ಹಿಂದೆ ಕರಪ್ಷನ್. ಎರಡೂ ಸ್ವಲ್ಪಸ್ವಲ್ಪವಾಗಿ ಪ್ರಾಣ ತಿನ್ನುವ ಮಂತ್ರಗಳು. ಅಗೊನಿಯ 24 ಸೆಕೆಂಡುಗಳಲ್ಲಿ ಮೊದಲ ಪೆಟ್ಟುಗಳು ಸಣ್ಣವು, ಕೊನೆಯವು ದೊಡ್ಡವು. ಅದಕ್ಕೇ ಅದು ಮೊದಲು. ಮಂತ್ರ ಹಾಕಲು ಬೇಕಾದ ಶಕ್ತಿಯಾದ ಮ್ಯಾನಾ ಮುಗಿದರೆ ಲೈಫ್ ಟ್ಯಾಪ್: ನಮ್ಮದೇ ಪ್ರಾಣ ಇಳಿಸಿ ಮ್ಯಾನಾ ಏರಿಸಿಕೊಳ್ಳುವುದು. ಈ ಬಗೆಯ ಪಾತ್ರಕ್ಕೆ ಪುಕ್ಕಟೆ ಸಿಗುವುದು ತೀರಾ ಕಡಿಮೆ. ಆದರೂ ನಲವತ್ತನೇ ಲೆವೆಲ್‌ನಲ್ಲಿ ಕುದುರೆಯೊಂದು ಸಿಗುತ್ತದೆ. ಬೇರೆಯವರು ಅದಕ್ಕೆ ನೂರು ಚಿನ್ನ ಹೊಂದಿಸಲು ಒದ್ದಾಡುವಾಗ ನಮಗೆ ಹೆಚ್ಚುಕಡಿಮೆ ಖರ್ಚಿಲ್ಲದೆ ಬರುತ್ತದೆ.

ಫಿಯರ್ ಮಂತ್ರ ನನಗೆ ದುಬಾರಿ ಪಾಠ ಕಲಿಸಿತು. ಡೆಡ್‌ಮೈನ್ಸ್ ಗಣಿಯೊಳಗೆ ಒಬ್ಬ ಡಕಾಯಿತನನ್ನು ಹೆದರಿಸಿ ಓಡಿಸಿದೆ. ಅವನು ಪಕ್ಕದ ಕೋಣೆಗೆ ನುಗ್ಗಿ, ಅಲ್ಲಿದ್ದವರನ್ನೆಲ್ಲ ಬೆನ್ನಿಗೆ ಹಚ್ಚಿಕೊಂಡು ಬಂದ. ನಮ್ಮ ಗುಂಪಿನ ಐವರೂ ಸತ್ತೆವು. ಯಾರೂ ಬಯ್ಯಲಿಲ್ಲ. ಸತ್ತವರ ಆತ್ಮ ಎದ್ದೇಳುವ ಸ್ಮಶಾನದಿಂದ ಸುಮ್ಮನೆ ಓಡಿ ಬಂದರು. ಆ ಮೌನ ನನಗೆ ಬಯ್ಗುಳಕ್ಕಿಂತ ಹೆಚ್ಚು ನಾಟಿತು. ಇದಕ್ಕೆ ಉಪಾಯ ನನ್ನ ಮಂತ್ರಗಳಲ್ಲೇ ಇತ್ತು: ಕರ್ಸ್ ಆಫ್ ರೆಕ್‌ಲೆಸ್‌ನೆಸ್. ಆ ಶಾಪ ತಗುಲಿದವನಿಗೆ ಹೆದರಿಕೆ ಹತ್ತುವುದಿಲ್ಲ. ಓಡುತ್ತಿರುವವನಿಗೆ ಹಾಕಿದರೆ ಹಿಂದಕ್ಕೆ ತಿರುಗುತ್ತಾನೆ, ಶಾಪ ಬದಲಿಸಿದರೆ ಮತ್ತೆ ಹೆದರಿಸಬಹುದು. ಹಗ್ಗ ಬಿಟ್ಟು ಎಳೆದಂತೆ. ಇದು ಕೈಗೆ ಕೂರುವವರೆಗೆ ಇಕ್ಕಟ್ಟಿನ ಜಾಗಗಳಲ್ಲಿ ನಾನು ಫಿಯರ್ ಮುಟ್ಟಲೇ ಇಲ್ಲ.

ಅರವತ್ತನೇ ಲೆವೆಲ್ ಮುಟ್ಟಿ, ದೊಡ್ಡ ಗುಂಪು ಕೂಡಿ ಆಡುವ ಮೋಲ್ಟನ್ ಕೋರ್ ರೇಡ್‌ಗೆ ಸೇರಿದಾಗ ಕಲಿತದ್ದರಲ್ಲಿ ಅರ್ಧ ಬದಿಗಿಡಬೇಕಾಯಿತು. ಆಗ ಒಬ್ಬ ಬಾಸ್, ಅಂದರೆ ದೊಡ್ಡ ಶತ್ರುವಿನ ಮೇಲೆ ಒಟ್ಟು 16 ಡಿಬಫ್ (ಶಾಪದಂಥ ಕೆಡುಕುಗಳು) ಮಾತ್ರ ನಿಲ್ಲುತ್ತಿದ್ದವು, ಆಡುವವರು 40 ಜನ. ಹಾಗಾಗಿ ಕರಪ್ಷನ್ ಹಾಕುವಂತಿರಲಿಲ್ಲ. ಗಿಲ್ಡ್ (ನಮ್ಮ ಆಟಗಾರರ ತಂಡ) ಹೇಳಿದ ಒಂದು ಶಾಪ, ಆಮೇಲೆ ಬರೀ ಶಾಡೋ ಬೋಲ್ಟ್ ಎಂಬ ನೇರ ಹೊಡೆತ. ಮೊದಮೊದಲು ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಅವಸರಪಟ್ಟು ಹೊಡೆದರೆ ಬಾಸ್ ತನ್ನ ಪೆಟ್ಟು ತಡೆದುಕೊಳ್ಳುವ ಟ್ಯಾಂಕ್ ಆಟಗಾರನನ್ನು ಬಿಟ್ಟು ನಮ್ಮ ಕಡೆ ತಿರುಗುತ್ತದೆ, ಆ ಕೋಪ ಇಳಿಸುವ ಮಂತ್ರ ನಮ್ಮಲ್ಲಿಲ್ಲ. ಕೈ ಕಟ್ಟಿ ನಿಲ್ಲುವುದೂ ಕೆಲಸವೇ.

ನಿಜವಾದ ದುಡಿಮೆ ಇರುವುದು ರೇಡ್‌ಗೆ ಮುಂಚೆ. ಸಾಯುತ್ತಿರುವ ಶತ್ರುವಿನ ಮೇಲೆ ಡ್ರೇನ್ ಸೋಲ್ ಮಂತ್ರ ನಡೆಯುತ್ತಿದ್ದರೆ ಒಂದು ಸೋಲ್ ಶಾರ್ಡ್, ಅಂದರೆ ಆತ್ಮದ ಚೂರು, ಸಿಗುತ್ತದೆ. ನಮ್ಮ ಲೆವೆಲ್‌ಗೆ ತೀರಾ ಕೆಳಗಿರುವ ಪ್ರಾಣಿಗಳಿಂದ ಸಿಗುವುದಿಲ್ಲ. ಪ್ರತಿ ಶಾರ್ಡ್‌ಗೂ ಚೀಲದಲ್ಲಿ ಒಂದು ಖಾನೆ. ದೊಡ್ಡ ಚೀಲದಲ್ಲೂ 28 ಖಾನೆ ಮಾತ್ರ. ದೂರದವರನ್ನು ಕರೆಸಲು ಒಂದು, ಗಾಯ ಮಾಗಿಸುವ ಹೀಲರ್‌ಗೆ, ಸತ್ತರೂ ಮತ್ತೆ ಎಬ್ಬಿಸುವ ಸೋಲ್‌ಸ್ಟೋನ್ ಕಟ್ಟಲು ಒಂದು, ಒಬ್ಬೊಬ್ಬರಿಗೂ ಪ್ರಾಣ ತುಂಬುವ ಹೆಲ್ತ್‌ಸ್ಟೋನ್ ಮಾಡಲು ಒಂದೊಂದು. ಜರ್ಮನಿಯಲ್ಲಿದ್ದ ಧಾರವಾಡದ ಹೀಲರ್ ಒಬ್ಬರು ಪ್ರತಿ ವಾರ ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ, ‘ತಮ್ಮಾ, ನನ್ನ ಕಲ್ಲು ಎಲ್ಲಿ?’ ಅನ್ನುತ್ತಿದ್ದರು. ಅವರಿಗೆ ಸಂಜೆ ಏಳೂವರೆ, ನನಗೆ ನಡುರಾತ್ರಿ ಹನ್ನೆರಡು.

ಗಾರ್ ಎಂಬ ಬಾಸ್ ಸುತ್ತ ಎಂಟು ಬೆಂಕಿಯಾಳುಗಳಿವೆ. ಬ್ಯಾನಿಶ್ ಮಂತ್ರದಿಂದ ಅವುಗಳಲ್ಲಿ ಕೆಲವನ್ನು ಕಟ್ಟಿಹಾಕುವುದು ನಮ್ಮ ಪಾಲಿನದು. ಕಟ್ಟು 30 ಸೆಕೆಂಡು ನಿಲ್ಲುತ್ತದೆ. ಕಟ್ಟಿರುವಾಗಲೇ ಇನ್ನೊಮ್ಮೆ ಹಾಕಿದರೆ ತಗುಲುವುದಿಲ್ಲ. ಮಂತ್ರ ಮುಗಿಯಲು ಒಂದೂವರೆ ಸೆಕೆಂಡು ಬೇಕು. ಅಂದರೆ ಕಟ್ಟು ಬಿಚ್ಚುವ ಮುಂಚೆಯೇ ಶುರುಮಾಡಿ, ಬಿಚ್ಚಿದ ಕೂಡಲೇ ಮುಗಿಯುವಂತೆ ನೋಡಿಕೊಳ್ಳಬೇಕು. ಮೊದಲ ರಾತ್ರಿ ಪಿಂಗ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಣ್ಣಂದಾಜಿಗೆ ಹೋದೆ. ಎರಡು ಸಲ ತಡವಾಯಿತು, ನನ್ನ ಪಾಲಿನದು ಹೀಲರ್‌ಗಳ ಮೇಲೆ ಹಾಯಿತು, ರೇಡ್ ಪೂರ್ತಿ ನೆಲಕಚ್ಚಿತು. ಸೋಲ್‌ಸ್ಟೋನ್ ಇದ್ದ ಧಾರವಾಡದವರು ಎದ್ದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಮರುದಿನ ಆಟಕ್ಕೆ ಟೈಮರ್ ತೋರಿಸುವ ಆಡ್‌ಆನ್ (ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡು, ಕಾಡಿನಲ್ಲಿ ಒಂಟಿ ಬೆಂಕಿಭೂತವೊಂದನ್ನು ಹಿಡಿದು ಒಂದು ಗಂಟೆ ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಟೈಮರ್ ಒಂದು ಸೆಕೆಂಡು ಚಿಲ್ಲರೆ ತೋರಿಸುವಾಗ ಗುಂಡಿ ಒತ್ತಿದರೆ ನನ್ನ ಪಿಂಗ್‌ಗೆ ಸರಿಹೋಗುತ್ತಿತ್ತು.

ಮುಂದಿನ ವಾರ ನನ್ನ ಬೆಂಕಿಯಾಳು ಕೊನೆಯವರೆಗೂ ಇದ್ದಲ್ಲೇ ಇತ್ತು. ಗಾರ್ ಬಿತ್ತು. ಎಲ್ಲರೂ ಸಿಕ್ಕ ವಸ್ತುಗಳನ್ನು ನೋಡುತ್ತಿದ್ದಾಗ ನಾನು ಚೀಲ ತೆರೆದೆ: ಉಳಿದದ್ದು ಮೂರು ಶಾರ್ಡ್, ಮುಂದೆ ಇನ್ನೂ ಬಾಸ್‌ಗಳಿದ್ದವು. ಮುಂದಿನ ಗುಂಪಿನ ಮೊದಲ ಪ್ರಾಣಿಯ ಪ್ರಾಣ ಕಾಲುಭಾಗಕ್ಕಿಳಿದಾಗ ಡ್ರೇನ್ ಸೋಲ್ ಶುರುಮಾಡಿದೆ.