ಚಂಡಮಾರುತ ಬರುತ್ತಿದೆಯೇ? ಗಾಳಿಗಿಂತ ಮೊದಲು ನೀರಿನ ಬಗ್ಗೆ ಯೋಚಿಸಿ

ಚಂಡಮಾರುತ ಎಂದಕೂಡಲೇ ಎಲ್ಲರೂ ಕೇಳುವುದು ಗಾಳಿಯ ವೇಗವನ್ನೇ. ಆದರೆ ಜಾಸ್ತಿ ಪ್ರಾಣ ತೆಗೆಯುವುದು ನೀರು. 2017ರಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಅಪ್ಪಳಿಸಿದ ಹಾರ್ವೆ ನೆಲ ಮುಟ್ಟಿದ ಮೇಲೆ ಬಲ ಕಳೆದುಕೊಂಡಿತ್ತು. ಆದರೂ ಮುಂದೆ ಸಾಗದೆ ಅಲ್ಲೇ ಸುತ್ತಾಡಿ, ಕೆಲವು ಕಡೆ 1,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಸಿತು. ಹಾಗಾಗಿ ‘ಚಂಡಮಾರುತ ದುರ್ಬಲವಾಗಿದೆ’ ಎಂಬ ಸುದ್ದಿ ಕೇಳಿ ಸುಮ್ನೆ ಕೂರಬೇಡಿ.

ಮುನ್ಸೂಚನೆ ಓದುವುದು

ಎರಡು ವಿಷಯ ನೋಡಿ: ಎಷ್ಟು ಮಳೆ ಬರಬಹುದು, ಚಂಡಮಾರುತ ಎಷ್ಟು ನಿಧಾನವಾಗಿ ಚಲಿಸುತ್ತಿದೆ. ನಿಧಾನವಾದಷ್ಟೂ ಒಂದೇ ಕಡೆ ಮಳೆ ಜಾಸ್ತಿ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 200 ಮಿ.ಮೀ. ಸುರಿದರೆ 20,000 ಲೀಟರ್! ನೆಲ ಆಗಲೇ ನೆನೆದಿದ್ದರೆ ಅಥವಾ ಸುತ್ತಲೂ ಕಾಂಕ್ರೀಟ್ ಇದ್ದರೆ ಅದು ಇಂಗುವುದಿಲ್ಲ, ಹರಿಯುತ್ತದೆ. ದಿಢೀರ್ ಪ್ರವಾಹ ಮಳೆ ಶುರುವಾದ ಆರು ಗಂಟೆಯೊಳಗೆ ಬರುತ್ತದೆ, ಕೆಲವೊಮ್ಮೆ ನಿಮಿಷಗಳಲ್ಲೇ. ಮಳೆ ಮೇಲಿನ ಗುಡ್ಡದಲ್ಲಿ ಸುರಿದು, ನೀರು ನಿಮ್ಮ ಹಳ್ಳಕ್ಕೆ ಬರಬಹುದು.

ಮಳೆಗೂ ಮುಂಚೆ

ಮನೆ ತಗ್ಗಿನಲ್ಲಿದೆಯೇ, ಹತ್ತಿರ ಹಳ್ಳ ಅಥವಾ ರಾಜಕಾಲುವೆ ಇದೆಯೇ ನೋಡಿ. ಎತ್ತರದ ಜಾಗಕ್ಕೆ ಹೋಗಲು ಎರಡು ದಾರಿ ಗೊತ್ತುಮಾಡಿಕೊಳ್ಳಿ. ಒಂದು ದಾರಿಗೆ ಕೆಳಸೇತುವೆ ಅಡ್ಡ ಬಂದರೆ ಅದು ಲೆಕ್ಕಕ್ಕಿಲ್ಲ. ಕಾಗದಪತ್ರ, ಔಷಧಿ, ಟಾರ್ಚ್, ಪವರ್ ಬ್ಯಾಂಕ್ ಒಂದೇ ಚೀಲದಲ್ಲಿರಲಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನಕ್ಕೆ ಸಾಕಾಗುವಷ್ಟು ಇಡಿ. ರಾತ್ರಿ ಫೋನ್ ಸೈಲೆಂಟ್ ಮಾಡಬೇಡಿ. ಕತ್ತಲಲ್ಲಿ ನೀರು ಏರುವುದು ಕಾಣುವುದಿಲ್ಲ, ಎಚ್ಚರಿಕೆಯ ಸದ್ದೇ ಆಧಾರ.

ಹೊರಡುವ ಹೊತ್ತು

ವಯಸ್ಸಾದವರು, ಮಕ್ಕಳು ಇರುವ ಮನೆಯವರು ಬೆಳಕಿರುವಾಗಲೇ ಹೊರಟುಬಿಡಿ. ಮಳೆ ಕೈಕೊಟ್ಟು ವಾಪಸ್ ಬರಬೇಕಾದರೂ ನಷ್ಟವೇನಿಲ್ಲ, ಅಲ್ವಾ? ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಬಂದ್ ಮಾಡಿ. ನೀರು ಆಗಲೇ ಒಳಗೆ ಬಂದಿದ್ದರೆ ನೀರಲ್ಲಿ ನಿಂತು ಸ್ವಿಚ್ ಮುಟ್ಟಲೇಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯ ಮಾತು. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ರಭಸವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೂ ಬೀಳಿಸುತ್ತದೆ. 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಿಹೋಗುತ್ತದೆ, 60 ಸೆಂ.ಮೀ. ನೀರಿಗೆ ದೊಡ್ಡ ಗಾಡಿಯೂ ನಿಲ್ಲುವುದಿಲ್ಲ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿಂದ ಗೊತ್ತಾಗುವುದಿಲ್ಲ. ಮುಂದಿನ ಗಾಡಿ ದಾಟಿತು ಎಂಬ ಧೈರ್ಯ ಬೇಡ. ನೀವು ಇಳಿಯುವ ಹೊತ್ತಿಗೆ ನೀರು ಏರಿರುತ್ತದೆ. ದಯವಿಟ್ಟು ಗಾಡಿ ತಿರುಗಿಸಿ. ದಾರಿಯಲ್ಲೇ ಸಿಕ್ಕಿಕೊಂಡು ಸುತ್ತ ನೀರು ಏರತೊಡಗಿದರೆ ಕಾರು ಬಿಟ್ಟು ಎತ್ತರಕ್ಕೆ ನಡೆಯಿರಿ, ಕಾರು ಹೋದರೆ ಹೋಗಲಿ.

ಮಳೆ ನಿಂತ ಮೇಲೆ

ಮಳೆ ನಿಂತರೂ ನದಿ ಏರುತ್ತಲೇ ಇರಬಹುದು. ಅಧಿಕಾರಿಗಳು ಹೇಳಿದ ಮೇಲೆಯೇ ಮನೆಗೆ ಮರಳಿ. ಪ್ರವಾಹದ ನೀರಿನಲ್ಲಿ ಚರಂಡಿ ನೀರೂ ಸೇರಿರುತ್ತದೆ. ಅದು ತಾಗಿದ ಆಹಾರ ಎಸೆಯಿರಿ, ಕುಡಿಯುವ ನೀರು ಕುದಿಸಿ. ಕಾಲಿಗೆ ಗಾಯವಿದ್ದರೆ ಆ ನೀರಿಗೆ ಇಳಿಯಬೇಡಿ, ಇಲಿಜ್ವರದ ಅಪಾಯವಿದೆ. ಜನರೇಟರ್ ಮನೆಯೊಳಗೆ ಓಡಿಸಿದರೆ ಅದರ ಹೊಗೆಯೇ ಕೊಲ್ಲುತ್ತದೆ. ಅದನ್ನು ಹೊರಗೆ, ಕಿಟಕಿ ಬಾಗಿಲಿನಿಂದ ದೂರ ಇಡಿ. ನೆನೆದ ವೈರಿಂಗ್ ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಮೇನ್ ಸ್ವಿಚ್ ಹಾಕಿ.